ಮುಂಗಡ ಕೊಟ್ಟು ಮಕ್ಕಳನ್ನು ಕರೆದೊಯ್ಯುತ್ತಾರೆ, ಪಾಲಕರೇ ಒಪ್ಪಿದ್ದಾರೆ: ಊರಿನವರು ಏನು ಮಾಡಬಹುದು?

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯ ಹಳ್ಳಿ. ನಾನು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಶ್ರಾವಣ ಬಂದರೆ ಬೆಳಗಿನ ಜಾವ ಐದೂವರೆಗೆ ಕ್ರೂಸರ್ ಬಂದು ಆರು, ಏಳನೇ ತರಗತಿಯ ಮಕ್ಕಳನ್ನು ಹತ್ತಿ ಬೀಜದ ಪ್ಲಾಟಿಗೆ ಕ್ರಾಸಿಂಗ್ (ಹೂವಿಗೆ ಕೈಯಿಂದ ಪರಾಗ ಕೂಡಿಸುವ) ಕೆಲಸಕ್ಕೆ ತುಂಬಿಕೊಂಡು ಹೋಗುತ್ತದೆ. ದೀಪಾವಳಿ ಮುಗಿಯುತ್ತಲೇ ಮೇಸ್ತ್ರಿಗಳು ಮುಂಗಡ ಹಂಚಲು ಬರುತ್ತಾರೆ. ಈಗ ಹದಿಮೂರು ವರ್ಷದ ಒಬ್ಬ ಹುಡುಗಿಯನ್ನು ಬೆಂಗಳೂರಿಗೆ ಮನೆಗೆಲಸಕ್ಕೆ ಕಳಿಸುವ ಮಾತಾಗಿದೆ. ಮನೆಯವರು 20,000 ರೂಪಾಯಿ ಇಸಕೊಂಡಿದ್ದಾರೆ. ಕೇಳಿದರೆ ‘ನಮ್ ಕೂಸು, ನಾವು ಕಳಸ್ತೀವಿ, ನಿಮಗೇನ್ರಿ?’ ಅನ್ನುತ್ತಾರೆ. ಹೆಡ್‌ಮಾಸ್ತರರು ಇದು ಪೊಲೀಸರ ಕೆಲಸ ಅನ್ನುತ್ತಾರೆ. ಹೋದ ವರ್ಷ ಅಧಿಕಾರಿಗಳು ಬಂದು ನಾಲ್ವರು ಮಕ್ಕಳನ್ನು ಬಿಡಿಸಿದ್ದರು; ಮೂರು ತಿಂಗಳಲ್ಲಿ ಮೂವರು ಮತ್ತೆ ಹೊಲದಲ್ಲಿದ್ದರು. ಪಾಲಕರೇ ಒಪ್ಪಿರುವಾಗ ಕಾನೂನು ಏನು ಮಾಡುತ್ತದೆ? ಯಾರಿಗೆ, ಹೇಗೆ ಹೇಳಬೇಕು? ನಾನೇ ಹೇಳಿದ್ದು ಅಂತ ಊರಿಗೆ ಗೊತ್ತಾದರೆ ಕಷ್ಟ.

ಉತ್ತರ: ಮೊದಲು ಆ ಹುಡುಗಿಯ ವಿಷಯ, ಏಕೆಂದರೆ ಉಳಿದದ್ದಕ್ಕೆ ಎರಡು ದಿನ ತಡವಾದರೂ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ಅವಳು ಇನ್ನೂ ಊರಿನಲ್ಲಿರುವಾಗ ತಡೆಯಲು ಒಂದು ಫೋನು, ಅರ್ಧ ದಿನದ ಓಡಾಟ ಸಾಕು. ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಬಾಗಿಲೊಳಗೆ ಹೋದ ಮೇಲೆ ಹುಡುಕುವುದು ತಿಂಗಳುಗಟ್ಟಲೆಯ ಕೆಲಸ. ಮನೆಯ ವಿಳಾಸ ಅಪ್ಪನಿಗೂ ಗೊತ್ತಿರುವುದಿಲ್ಲ, ಮೇಸ್ತ್ರಿಯ ಹೆಸರು ಅಂತ ಊರಿಗೆ ಗೊತ್ತಿರುವುದು ಅಡ್ಡಹೆಸರು, ಅವನ ಸಿಮ್ ಬದಲಾಗಿರುತ್ತದೆ. ಕಾರ್ಖಾನೆ, ಹೋಟೆಲಿಗಾದರೆ ಇನ್‌ಸ್ಪೆಕ್ಟರ್ ನುಗ್ಗಬಹುದು. ಮನೆಯೊಳಗೆ ದುಡಿಯುವ ಮಗು ಬೀದಿಗೆ ಕಾಣಿಸುವುದೇ ಇಲ್ಲ.

ಆದ್ದರಿಂದ ಇಂದೇ 1098ಕ್ಕೆ ಕರೆ ಮಾಡಿ. ಇದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. 2023ರಿಂದ ಈ ಸಹಾಯವಾಣಿಯನ್ನು ಸ್ವಯಂಸೇವಾ ಸಂಸ್ಥೆಗಳ ಬದಲು ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೇ ನಡೆಸುವ ವ್ಯವಸ್ಥೆ ಬಂದಿದೆ. 112ರ ಜೊತೆಗೂ ಜೋಡಿಸಲಾಗಿದೆ. ಹುಡುಗಿ ಆಗಲೇ ಗಾಡಿ ಹತ್ತಿದ್ದರೆ ಮೊದಲು 112, ರೈಲಾದರೆ 139. ನಿಮ್ಮ ಕಡೆಯಿಂದ ಬೆಂಗಳೂರಿಗೆ ಹೋಗುವವರು ಹೆಚ್ಚಾಗಿ ಹಿಡಿಯುವ ಉದ್ಯಾನ್ ಎಕ್ಸ್‌ಪ್ರೆಸ್‌ನಂಥ ಗಾಡಿಗಳಲ್ಲಿ ರೈಲ್ವೆ ರಕ್ಷಣಾ ದಳದವರಿಗೆ ಮಕ್ಕಳನ್ನು ಇಳಿಸಿಕೊಂಡು, ಇಂಥ ಮಕ್ಕಳ ರಕ್ಷಣೆಯನ್ನು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸುವ ಕೆಲಸ ರೂಢಿಯಾಗಿದೆ. ಆದರೆ ಅವರಿಗೆ ಬೋಗಿ ಯಾವುದು, ಬಟ್ಟೆಯ ಬಣ್ಣ ಏನು, ಜೊತೆಗೆ ಇರುವವರು ಯಾರು ಎಂಬುದು ಬೇಕು. ‘ಒಂದು ಹುಡುಗಿ ಹೋಗ್ತಿದ್ದಾಳೆ’ ಎಂದರೆ ಸಾವಿರ ಜನರ ಗಾಡಿಯಲ್ಲಿ ಯಾರನ್ನು ಹುಡುಕುತ್ತಾರೆ?

ಇಲ್ಲೇ ಹೆಚ್ಚಿನ ಕರೆಗಳು ಕೆಡುತ್ತವೆ. ‘ನಮ್ಮೂರಾಗ ಬಾಲಕಾರ್ಮಿಕರಿದ್ದಾರೆ, ಬರ್ರಿ’ ಎಂಬ ಕರೆಗೆ ಯಾರಾದರೂ ಬಂದರೂ ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತಾರೆ, ಆಗ ಊರಿನಲ್ಲಿ ಮಕ್ಕಳೇ ಇರುವುದಿಲ್ಲ. ಕರೆಯಲ್ಲಿ ಐದು ಸಂಗತಿ ಇರಲಿ: ಊರು, ತಾಲ್ಲೂಕು, ಓಣಿಯ ಗುರುತು; ಮಗುವಿನ ವಯಸ್ಸು, ತರಗತಿ; ಕರೆದೊಯ್ಯುವವರು ಯಾರು, ಅವರ ಮೊಬೈಲ್ ಸಂಖ್ಯೆ; ಯಾವ ದಿನ, ಎಷ್ಟು ಹೊತ್ತಿಗೆ, ಯಾವ ನಂಬರಿನ ಗಾಡಿ; ಎಷ್ಟು ಹಣ ಯಾರಿಂದ ಯಾರ ಕೈಗೆ ಹೋಗಿದೆ. ಕೊನೆಯಲ್ಲಿ ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಮರುದಿನ ಏನೂ ಆಗದಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಲು ಆ ಸಂಖ್ಯೆಯೊಂದೇ ಆಧಾರ.

ಒಪ್ಪಿಗೆಯ ಪ್ರಶ್ನೆ

ಪಾಲಕರು ಒಪ್ಪಿದರೆ ಅಪರಾಧವಿಲ್ಲ ಎಂಬ ನಂಬಿಕೆ ಹಳ್ಳಿಯಲ್ಲಷ್ಟೇ ಅಲ್ಲ, ಕೆಲವು ಠಾಣೆಗಳಲ್ಲೂ ಇದೆ. ಕಾನೂನು ಹೇಳುವುದು ಹೆಚ್ಚೂಕಡಿಮೆ ಇದರ ತದ್ವಿರುದ್ಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ (ಹಳೆಯ ದಂಡಸಂಹಿತೆಯ 370) ಮಾನವ ಸಾಗಣೆಯನ್ನು ಮೂರು ತುಂಡಾಗಿ ನೋಡುತ್ತದೆ. ಮಾಡಿದ್ದೇನು: ನೇಮಿಸಿಕೊಳ್ಳುವುದು, ಸಾಗಿಸುವುದು, ಇರಿಸಿಕೊಳ್ಳುವುದು, ಇನ್ನೊಬ್ಬರ ಕೈಗೆ ಕೊಡುವುದು, ಪಡೆದುಕೊಳ್ಳುವುದು. ಹೇಗೆ ಮಾಡಿದ್ದು: ಬೆದರಿಕೆ, ಬಲಪ್ರಯೋಗ, ಅಪಹರಣ, ಮೋಸ, ಅಧಿಕಾರದ ದುರುಪಯೋಗ, ಇಲ್ಲವೇ ಆಮಿಷ. ಯಾಕೆ ಮಾಡಿದ್ದು: ಶೋಷಣೆಗೆ.

ಆಮಿಷ ಎಂಬಲ್ಲಿ ಕಾನೂನು ಬಿಡಿಸಿ ಹೇಳಿದೆ: ಯಾರ ಹಿಡಿತದಲ್ಲಿ ಆ ವ್ಯಕ್ತಿ ಇದ್ದಾರೋ ಅವರ ಒಪ್ಪಿಗೆ ಪಡೆಯಲು ಹಣ ಅಥವಾ ಲಾಭ ಕೊಡುವುದು, ತೆಗೆದುಕೊಳ್ಳುವುದೂ ಅದರಲ್ಲಿ ಸೇರಿದೆ. ಅಂದರೆ ಅಪ್ಪನ ಕೈಗೆ ಬಂದ ಆ 20,000 ರೂಪಾಯಿ ಮೇಸ್ತ್ರಿಗೆ ರಕ್ಷಣೆ ಕೊಡುವುದಿಲ್ಲ; ಅವನ ಮೇಲಿನ ಸಾಕ್ಷ್ಯವೇ ಅದು. ಸಾಗಣೆಗೆ ಒಳಗಾದವರ ಒಪ್ಪಿಗೆಗೆ ಬೆಲೆಯಿಲ್ಲ ಎಂದೂ ಅದೇ ಕಲಂ ಹೇಳುತ್ತದೆ. ಒಂದು ಮಗುವಿನ ಸಾಗಣೆಗೆ ಕನಿಷ್ಠ 10 ವರ್ಷದಿಂದ ಜೀವಾವಧಿವರೆಗೆ, ಒಂದಕ್ಕಿಂತ ಹೆಚ್ಚು ಮಕ್ಕಳಾದರೆ ಕನಿಷ್ಠ 14 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆಯಿದೆ.

ಹಾಗಾದರೆ ಅಪ್ಪ–ಅವ್ವನೂ ಜೈಲಿಗೆ ಹೋಗಬೇಕೇ? ಊರಿನವರು ಬಾಯಿ ಮುಚ್ಚಿಕೊಳ್ಳುವುದು ಬಹಳ ಮಾಡಿ ಈ ಭಯಕ್ಕೆ. ಬಾಲಕಾರ್ಮಿಕ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ಪಾಲಕರಿಗೆ ಶಿಕ್ಷೆಯಿಲ್ಲ. ಎರಡನೇ ಸಲಕ್ಕೆ 10,000 ರೂಪಾಯಿವರೆಗೆ ದಂಡ. ಸಾಗಣೆಯ ಪ್ರಕರಣದಲ್ಲಿ ತನಿಖಾಧಿಕಾರಿಯ ವಿವೇಚನೆ ಇದ್ದೇ ಇರುತ್ತದೆ. ಆದರೆ ಮೇಸ್ತ್ರಿಗೆ ಶಿಕ್ಷೆಯಾಗಬೇಕಾದರೆ ಹಣ ಕೊಟ್ಟದ್ದನ್ನು ಹೇಳಬಲ್ಲವರು ಆ ಪಾಲಕರೇ. ಬಡ ಪಾಲಕರನ್ನು ಮೊದಲ ದಿನವೇ ಆರೋಪಿ ಮಾಡಿದ ಪ್ರಕರಣ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಅವರನ್ನು ಸಾಕ್ಷಿಯಾಗಿ ಉಳಿಸಿಕೊಳ್ಳುವುದು ಜಾಣತನ. ಇದನ್ನು ನೀವು ಅವರಿಗೂ ಹೇಳಬಹುದು: ‘ದೂರು ನಿಮ್ಮ ಮ್ಯಾಲಲ್ಲ, ರೊಕ್ಕ ಕೊಟ್ಟವನ ಮ್ಯಾಲ.’ ಎಷ್ಟೋ ಮನೆಗಳಲ್ಲಿ ಮಾತು ಶುರುವಾಗುವುದೇ ಇಲ್ಲಿಂದ.

ಹತ್ತಿ ಬೀಜದ ಪ್ಲಾಟು

ಕ್ರಾಸಿಂಗ್‌ಗೆ ಮಕ್ಕಳೇ ಏಕೆ ಬೇಕು ಎಂಬುದನ್ನು ತಿಳಿದರೆ ಎಲ್ಲಿ ಹಿಡಿಯಬೇಕು ಎಂಬುದೂ ತಿಳಿಯುತ್ತದೆ. ಹೈಬ್ರಿಡ್ ಹತ್ತಿ ಬೀಜಕ್ಕೆ ಒಂದೊಂದು ಹೂವನ್ನೂ ಕೈಯಿಂದಲೇ ಕೂಡಿಸಬೇಕು. ನಾಳೆ ಅರಳುವ ಮೊಗ್ಗನ್ನು ಇಂದು ಮಧ್ಯಾಹ್ನದ ಮೇಲೆ ಆರಿಸಿ, ಎಸಳು ಮತ್ತು ಕೇಸರಗಳನ್ನು ಉಗುರಿನಿಂದ ಸುಲಿದು, ಗುರುತಿಡುತ್ತಾರೆ. ಮರುದಿನ ಬೆಳಗ್ಗೆ ಗಂಡು ಹೂವಿನ ಪರಾಗ ತಾಗಿಸುತ್ತಾರೆ. ಒಂದು ದಿನ ತಪ್ಪಿದರೆ ಆ ದಿನದ ಹೂವೆಲ್ಲ ದಂಡ. ಹೀಗೆ ಎರಡು ಮೂರು ತಿಂಗಳು ದಿನ ಬಿಡದೆ ಕೈಗಳು ಬೇಕು, ಆ ತಿಂಗಳುಗಳು ಶಾಲೆಯ ನಟ್ಟನಡುವೆ ಬರುತ್ತವೆ. ‘ಮಕ್ಕಳ ಬೆರಳು ಸಣ್ಣವು, ಗಿಡ ಅವರ ಎತ್ತರಕ್ಕಿರತದ’ ಎಂಬುದು ಮಾಲೀಕರ ಮಾತು. ದೊಡ್ಡ ಹೆಂಗಸರೂ ಇದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುತ್ತಾರೆ. ಅವರು ಕೂಲಿ ಹೆಚ್ಚು ಕೇಳುತ್ತಾರೆ, ಹೊತ್ತು ಮೀರಿದರೆ ಮನೆಗೆ ಹೊರಡುತ್ತಾರೆ, ವ್ಯತ್ಯಾಸ ಅಷ್ಟೇ. ಔಷಧಿ ಹೊಡೆದ ಹೊಲಕ್ಕೇ ಮರುದಿನ ಮಕ್ಕಳು ಇಳಿಯುವುದು ಬೇರೆ.

ಹೊಲದ ಕೆಲಸಕ್ಕೆ ಬಾಲಕಾರ್ಮಿಕ ಕಾಯ್ದೆ ಇಲ್ಲ ಎಂಬುದು ಹಳೆಯ ಮಾತು. 1986ರ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ 14 ವರ್ಷ ತುಂಬದ ಮಗುವನ್ನು ಯಾವ ಉದ್ಯೋಗದಲ್ಲೂ ಇಟ್ಟುಕೊಳ್ಳುವಂತಿಲ್ಲ: ಹೊಲ, ಮನೆಗೆಲಸ, ಗ್ಯಾರೇಜು, ಚಹಾದಂಗಡಿ, ಯಾವುದೂ ಬಿಟ್ಟಿಲ್ಲ. ಎರಡೇ ವಿನಾಯಿತಿ. ಒಂದು ಕಲಾವಿದರಾಗಿ ಕೆಲಸ, ಅದು ಇಲ್ಲಿ ಬೇಡ. ಇನ್ನೊಂದು ಸ್ವಂತ ಕುಟುಂಬಕ್ಕೆ ಅಪಾಯವಿಲ್ಲದ ಕೆಲಸದಲ್ಲಿ ಕೈಜೋಡಿಸುವುದು, ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ. ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಅದೂ ಕೂಡದು.

ಮಾಲೀಕರು ಹೊಕ್ಕುವುದು ಈ ಎರಡನೇ ಕಿಂಡಿಯಲ್ಲಿ. ಕಾಯ್ದೆಯ ಪ್ರಕಾರ ಕುಟುಂಬವೆಂದರೆ ತಂದೆ, ತಾಯಿ, ಒಡಹುಟ್ಟಿದವರು, ತಂದೆ–ತಾಯಿಯ ಒಡಹುಟ್ಟಿದವರು. ಹಾಗಾಗಿ ತಪಾಸಣೆಯ ದಿನ ಹೊಲದ ಒಡೆಯ ಎಲ್ಲ ಮಕ್ಕಳಿಗೂ ಸೋದರಮಾವ ಆಗಿಬಿಡುತ್ತಾನೆ. ಪಡಿತರ ಚೀಟಿ ಮತ್ತು ಶಾಲೆಯ ದಾಖಲಾತಿ ವಹಿ ನೋಡಿದರೆ ಆ ನೆಂಟಸ್ತನ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಸ್ವಂತ ಮಾವನ ಹೊಲಕ್ಕೆ ಹೋಗಲು ಯಾರಿಗೂ ಬಾಡಿಗೆ ಕ್ರೂಸರ್ ಬೇಕಾಗುವುದಿಲ್ಲ. ಬೆಳಗಿನ ಐದೂವರೆ ಎಂಬ ಹೊತ್ತೇ ವಿನಾಯಿತಿಯನ್ನು ಮುರಿಯುತ್ತದೆ.

14 ತುಂಬಿ 18 ತುಂಬದವರ ಲೆಕ್ಕ ಬೇರೆ. ಗಣಿ, ಸ್ಫೋಟಕ, ಅಪಾಯಕಾರಿ ಪ್ರಕ್ರಿಯೆಗಳಲ್ಲಿ ಅವರನ್ನೂ ಇಟ್ಟುಕೊಳ್ಳುವಂತಿಲ್ಲ. ಉಳಿದ ಕಡೆ ದುಡಿಸಿದರೂ ವಿರಾಮ ಸೇರಿ ದಿನಕ್ಕೆ 6 ಗಂಟೆ ಮೀರಬಾರದು, ಒಂದೇ ಸಮನೆ 3 ಗಂಟೆಗಿಂತ ಹೆಚ್ಚು ದುಡಿಸಬಾರದು, ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೆಲಸ ಕೂಡದು, ವಾರಕ್ಕೊಂದು ರಜೆ ಬೇಕು. ಈ ನಿಯಮಗಳ ಮಟ್ಟಿಗೆ ‘ಸಂಸ್ಥೆ’ ಎಂಬ ಪದದ ವ್ಯಾಖ್ಯೆಯಲ್ಲಿ ಹೊಲವೂ ಇದೆ. ಇನ್‌ಸ್ಪೆಕ್ಟರ್ ‘ಇವರಿಗೆಲ್ಲ ಹದಿನೈದು ಆಗ್ಯದ’ ಎಂದು ವಾಪಸ್ ಹೊರಟರೆ ಈ ಗಂಟೆಗಳ ಲೆಕ್ಕ ಕೇಳಿ.

ಕಾನೂನಿನ ಆಚೆಗೂ ಒಂದು ಹಿಡಿತವಿದೆ. ಬೀಜದ ಪ್ಲಾಟು ಒಬ್ಬಂಟಿ ರೈತನದಲ್ಲ. ಅವನ ಹಿಂದೆ ಆರ್ಗನೈಸರ್ ಎಂಬ ಮಧ್ಯವರ್ತಿ, ಆರ್ಗನೈಸರ್ ಹಿಂದೆ ಬೀಜ ಕಂಪನಿ. ಮುಂಗಡದ ಹಣ ಇಳಿದು ಬರುವುದೂ ಇದೇ ದಾರಿಯಲ್ಲಿ. ದೊಡ್ಡ ಕಂಪನಿಗಳ ಒಪ್ಪಂದಗಳಲ್ಲಿ ಮಕ್ಕಳನ್ನು ದುಡಿಸಬಾರದೆಂಬ ಷರತ್ತು ಇರುವುದು ಸಾಮಾನ್ಯ. ಪ್ಲಾಟಿನ ಸರ್ವೆ ನಂಬರು, ದಿನಾಂಕ, ಮಕ್ಕಳ ಸಂಖ್ಯೆ ಬರೆದು ಪಂಚಾಯಿತಿಯ ಪತ್ರವನ್ನು ಆರ್ಗನೈಸರ್‌ಗೂ ಕಂಪನಿಯ ಪ್ರಾದೇಶಿಕ ಕಚೇರಿಗೂ ಕಳಿಸಿ. ಬೀಜ ಖರೀದಿ ನಿಲ್ಲುತ್ತದೆಂಬ ಹೆದರಿಕೆ ದಂಡದ ಹೆದರಿಕೆಗಿಂತ ಬೇಗ ನಾಟುತ್ತದೆ. ಇದು ಪೊಲೀಸ್ ದೂರಿಗೆ ಬದಲಿ ಅಲ್ಲ. ದಾಳಿಗೆ ಮೊದಲೇ ಪತ್ರ ಹೋದರೆ ಮಕ್ಕಳನ್ನು ಬೇರೆ ಪ್ಲಾಟಿಗೆ ಸಾಗಿಸುತ್ತಾರೆ, ಹಾಗಾಗಿ ದೂರು ಮೊದಲು, ಪತ್ರ ಆಮೇಲೆ.

ಹೆಡ್‌ಮಾಸ್ತರರ ಕೆಲಸ

ಇದು ಪೊಲೀಸರ ಕೆಲಸ ಎಂದು ನಿಮ್ಮ ಹೆಡ್‌ಮಾಸ್ತರರು ಹೇಳಿದ್ದು ಅರ್ಧ ಸತ್ಯ. ಬಾಲಕಾರ್ಮಿಕ ನಿಯಮಗಳ 2017ರ ತಿದ್ದುಪಡಿಯಂತೆ, ಮುನ್ಸೂಚನೆಯಿಲ್ಲದೆ ಒಂದೇ ಸಮನೆ 30 ದಿನ ಗೈರಾದ ಮಗುವಿನ ಬಗ್ಗೆ ಮುಖ್ಯೋಪಾಧ್ಯಾಯರು ಜಿಲ್ಲೆಯ ನೋಡಲ್ ಅಧಿಕಾರಿಗೆ ತಿಳಿಸಬೇಕು. ಮೂವತ್ತು ದಿನ ಕಾಯುವುದು ಕಾನೂನಿನ ಕೊನೆಯ ಗಡುವು. ಮಗುವನ್ನು ಉಳಿಸುವ ಗಡುವಲ್ಲ. ಸೀಸನ್ನಿನಲ್ಲಿ ಮೂರನೇ ದಿನ ಮನೆಗೆ ಒಬ್ಬರು ಹೋಗಬೇಕು, ಏಳನೇ ದಿನ ಕಾಗದ ಹೊರಡಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗೆ, ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಕಾರ್ಮಿಕ ನಿರೀಕ್ಷಕರಿಗೆ ಒಂದೊಂದು ಪ್ರತಿ, ಸ್ವೀಕೃತಿ ಸಹಿಯೊಂದಿಗೆ.

ನಿಮ್ಮ ಹೆಸರಿನ ಭಯಕ್ಕೂ ಇಲ್ಲೇ ಪರಿಹಾರವಿದೆ. ಗೈರುಹಾಜರಿಯ ಪತ್ರ ಶಾಲೆಯ ದಿನನಿತ್ಯದ ಕಾಗದ. ಅದರಲ್ಲಿ ದೂರುದಾರ ಎಂಬುವನೇ ಇಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ‘ಈ ಹನ್ನೊಂದು ಮಕ್ಕಳು ಗೈರು, ಕಾರಣ ವಿಚಾರಿಸಲು ಕೋರಿದೆ’ ಎಂದು ಠರಾವು ಬರೆದರೆ ಅದು ಯಾರೊಬ್ಬರದೂ ಅಲ್ಲ. ಪ್ರತಿ ವರ್ಷ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ‘ನಮ್ಮ ಕ್ಲಾಸಿನ ಅವನು ಬರ್ತಾ ಇಲ್ಲ’ ಎಂದದ್ದು ನಡಾವಳಿಯಲ್ಲಿ ದಾಖಲಾದರೆ ಇನ್ನೂ ಒಳ್ಳೆಯದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಹಿಳೆ ಮತ್ತು ಮಕ್ಕಳ ಸಾಗಾಣಿಕೆ ತಡೆಯುವ ಕಾವಲು ಸಮಿತಿ ಇರಬೇಕು. ಹಲವೆಡೆ ಅದು ಕಡತದಲ್ಲಷ್ಟೇ ಇರುತ್ತದೆ. ಸದಸ್ಯರ ಪಟ್ಟಿ ಕೊಡಿ ಎಂದು ಪಿಡಿಒಗೆ ಲಿಖಿತವಾಗಿ ಕೇಳಿದರೆ ಆ ವಾರವೇ ಸಭೆ ಸೇರುತ್ತದೆ.

ಮುಖ್ಯೋಪಾಧ್ಯಾಯರು ಇನ್ನೊಂದು ಕಾಗದ ಸಿದ್ಧವಿಡಬೇಕು: ಅಪಾಯದಲ್ಲಿರುವ ಮಕ್ಕಳ ದಾಖಲಾತಿ ವಹಿಯ ದೃಢೀಕೃತ ನಕಲು. ಮೇಸ್ತ್ರಿಗಳು ಈಚೆಗೆ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ತಿದ್ದಿಸಿಯೇ ಕರೆದೊಯ್ಯುತ್ತಾರೆ. ಬಾಲನ್ಯಾಯ ಕಾಯ್ದೆಯ 94ನೇ ಕಲಂನಲ್ಲಿ ವಯಸ್ಸಿಗೆ ಮೊದಲ ಪುರಾವೆ ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ನಗರಸಭೆ, ಪಂಚಾಯಿತಿ ಕೊಟ್ಟ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆಯ ಪರೀಕ್ಷೆ. ಆ ಪಟ್ಟಿಯಲ್ಲಿ ಆಧಾರ್ ಇಲ್ಲ. ಮೂಳೆ ಪರೀಕ್ಷೆಯಲ್ಲಿ ಒಂದೆರಡು ವರ್ಷ ಆಚೀಚೆ ಆಗುವುದು ಸಹಜ. ಹದಿಮೂರರ ಮಗು ಹದಿನೈದಾಗಿಬಿಟ್ಟರೆ ಪ್ರಕರಣ ಅಲ್ಲೇ ಸಡಿಲಾಗುತ್ತದೆ. ಶಾಲೆಯ ಒಂದು ಪುಟ ಅದನ್ನು ತಪ್ಪಿಸುತ್ತದೆ.

ದೂರಿನಲ್ಲಿ ಯಾವ ಕಲಂ

ಕಲಂ ಹಾಕುವುದು ಪೊಲೀಸರ ಕೆಲಸ ಎಂದು ಸುಮ್ಮನಿದ್ದರೆ ಒಂದು ಬಲೆಗೆ ಬೀಳುತ್ತೀರಿ. ಮಗುವನ್ನು ಜೀತದಂತೆ ಇಟ್ಟುಕೊಂಡು ದುಡಿಸುವುದಕ್ಕೆ ಬಾಲನ್ಯಾಯ ಕಾಯ್ದೆ 2015ರ 79ನೇ ಕಲಂ, ಮಗುವಿನ ಮಾರಾಟ, ಖರೀದಿಗೆ 81ನೇ ಕಲಂ ಇವೆ. ಎರಡಕ್ಕೂ 5 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿ ದಂಡ. ಆದರೆ 2021ರ ತಿದ್ದುಪಡಿ, ಮೂರರಿಂದ ಏಳು ವರ್ಷ ಶಿಕ್ಷೆಯಿರುವ ಆ ಕಾಯ್ದೆಯ ಅಪರಾಧಗಳನ್ನು ಅಸಂಜ್ಞೇಯ ಗುಂಪಿಗೆ ಸೇರಿಸಿತು. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಬರೀ 79 ಹಾಕಿದ ದೂರು ‘ಎನ್‌ಸಿ’ (ಅಸಂಜ್ಞೇಯ ದೂರು) ಆಗಿ ಮಲಗಿಬಿಡುವುದು ಇದರಿಂದಲೇ.

ಬಾಲಕಾರ್ಮಿಕ ಕಾಯ್ದೆಯ ಅಪರಾಧ ಸಂಜ್ಞೇಯ, ಅಂದರೆ ಪೊಲೀಸರು ತಾವೇ ತನಿಖೆಗೆ ಇಳಿಯಬಹುದು; ನ್ಯಾಯ ಸಂಹಿತೆಯ 143 ಕೂಡ ಸಂಜ್ಞೇಯ. ಒಂದೇ ಪ್ರಕರಣದಲ್ಲಿ ಒಂದು ಅಪರಾಧ ಸಂಜ್ಞೇಯವಾಗಿದ್ದರೂ ಇಡೀ ಪ್ರಕರಣವನ್ನು ಹಾಗೆಯೇ ನಡೆಸಬಹುದೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದದ್ದು) 174ನೇ ಕಲಂ ಹೇಳುತ್ತದೆ. ಆದ್ದರಿಂದ ದೂರಿನಲ್ಲಿ ಸಂಗತಿಗಳನ್ನು ಎಲ್ಲ ಕಾಯ್ದೆಗೂ ತಾಗುವಂತೆ ಬರೆಯಿರಿ: ವಯಸ್ಸು (ಬಾಲಕಾರ್ಮಿಕ), ಹಣ ಕೊಟ್ಟು ಕರೆದೊಯ್ದದ್ದು (ಸಾಗಣೆ), ಮುಂಗಡ ತೀರುವವರೆಗೆ ಬಿಡುವುದಿಲ್ಲ ಎಂದದ್ದು (ಜೀತ), ಕೂಲಿ ಕೊಡದೆ ಇಟ್ಟುಕೊಂಡದ್ದು (ಬಾಲನ್ಯಾಯ). ಮಗು ಪರಿಶಿಷ್ಟ ಜಾತಿ ಅಥವಾ ಪಂಗಡದ್ದಾಗಿದ್ದು, ದುಡಿಸಿದವರು ಆ ಸಮುದಾಯದವರಲ್ಲದಿದ್ದರೆ ಅದನ್ನೂ ಬರೆಯಿರಿ. ಜೀತ ಮಾಡಿಸುವುದು ದೌರ್ಜನ್ಯ ತಡೆ ಕಾಯ್ದೆಯ 3(1)(ಎಚ್) ಅಡಿ ಅಪರಾಧ.

ಬಾಲಕಾರ್ಮಿಕ ಕಾಯ್ದೆಯಡಿ ಮಾಲೀಕರಿಗೆ 6 ತಿಂಗಳಿನಿಂದ 2 ವರ್ಷ ಸೆರೆ, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ‘ಇಲ್ಲವೇ’ ಎಂಬ ಆ ಪದದಿಂದಾಗಿ ಬಹಳಷ್ಟು ಪ್ರಕರಣ ದಂಡ ಕಟ್ಟಿ ಮುಗಿದುಹೋಗುತ್ತವೆ. ಹಾಗಾಗಿಯೇ ಈ ಒಂದು ಕಾಯ್ದೆಗೆ ನಿಲ್ಲಿಸಬಾರದು.

ಠಾಣೆಯಲ್ಲಿ ‘ಇದು ನಮ್ಮ ಹದ್ದಲ್ಲ, ಬೆಂಗಳೂರಾಗ ಕೊಡ್ರಿ’ ಎಂದರೆ, ಸುರಕ್ಷಾ ಸಂಹಿತೆಯ 173ನೇ ಕಲಂ ಹದ್ದನ್ನು ನೋಡದೆ ದೂರು ದಾಖಲಿಸಬೇಕೆನ್ನುತ್ತದೆ. ಅದೇ ಝೀರೋ ಎಫ್‌ಐಆರ್. ಆದರೂ ಒಪ್ಪದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅದರ ಮುಂದಿನ ಮೆಟ್ಟಿಲು ಮ್ಯಾಜಿಸ್ಟ್ರೇಟರು. ಮಗು ಎಲ್ಲಿದೆಯೆಂದೇ ತಿಳಿಯದಿದ್ದರೆ ಅದು ನಾಪತ್ತೆ ಪ್ರಕರಣ. ಸುಪ್ರೀಂ ಕೋರ್ಟು 2013ರ ಮೇ ತಿಂಗಳಲ್ಲಿ ಹೇಳಿದಂತೆ, ನಾಪತ್ತೆಯಾದ ಮಗುವನ್ನು ಅಪಹರಣ ಅಥವಾ ಸಾಗಣೆಗೆ ಒಳಗಾಗಿದೆ ಎಂದು ಎಣಿಸಿಯೇ ಎಫ್‌ಐಆರ್ ಆಗಬೇಕು. ‘ಎಲ್ಲೋ ಹೋಗಿರಬೇಕು, ಬರ್ತಾಳ ಬಿಡ್ರಿ’ ಎನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ನಾಲ್ಕು ತಿಂಗಳಾದರೂ ಸಿಗದಿದ್ದರೆ ತನಿಖೆ ಮಾನವ ಸಾಗಣೆ ತಡೆ ಘಟಕಕ್ಕೆ ಹೋಗಬೇಕು.

ಒಂದು ಎಚ್ಚರ: ಮಗುವಿನ ಫೋಟೋ, ಹೆಸರು, ಓಣಿ ಏನನ್ನೂ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡಿದರೆ 6 ತಿಂಗಳವರೆಗೆ ಸೆರೆ ಅಥವಾ 2 ಲಕ್ಷದವರೆಗೆ ದಂಡ. ಒಳ್ಳೆಯದು ಮಾಡಹೋದವರೇ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. ಮೇಸ್ತ್ರಿಗೂ ಸುದ್ದಿ ಮೊದಲು ಮುಟ್ಟುವುದು ಆ ಗುಂಪಿನಿಂದಲೇ.

ಬಿಡಿಸಿದ ಮಕ್ಕಳು ಯಾಕೆ ವಾಪಸಾದರು

ನಿಮ್ಮ ಪ್ರಶ್ನೆಯ ಗಟ್ಟಿ ಕಾಳು ಇದು. ನಾಲ್ವರನ್ನು ಬಿಡಿಸಿದರು, ಮೂವರು ಮತ್ತೆ ಹೋದರು ಎಂದರೆ ಹೊಲದಿಂದ ಮಕ್ಕಳನ್ನು ತಂದರು, ಮುಂಗಡದಿಂದ ಬಿಡಿಸಲಿಲ್ಲ ಎಂದರ್ಥ. ಆ ಸಾಲ ಹಾಗೇ ನಿಂತಿತ್ತು. ಮೇಸ್ತ್ರಿ ಮನೆ ಬಾಗಿಲಿಗೆ ಬಂದು ಕೇಳಿದ, ಕೊಡಲು ಹಣವಿರಲಿಲ್ಲ, ಮಗು ಹೋಯಿತು. ಇದನ್ನು ತಪ್ಪಿಸುವ ಕಾಗದವೊಂದು ಇದೆ, ಆ ದಿನ ಅದನ್ನು ಯಾರೂ ಕೇಳಿರುವುದಿಲ್ಲ: ಬಿಡುಗಡೆ ಪ್ರಮಾಣಪತ್ರ.

1976ರ ಜೀತಪದ್ಧತಿ ರದ್ದತಿ ಕಾಯ್ದೆಯಂತೆ, ಮುಂಗಡ ಪಡೆದ ಕಾರಣಕ್ಕೆ ಕನಿಷ್ಠ ಕೂಲಿಯೂ ಇಲ್ಲದೆ ದುಡಿಯುವುದು, ಬೇರೆಡೆ ಕೆಲಸಕ್ಕೆ ಹೋಗುವ ಅಥವಾ ಊರು ಬಿಡುವ ಸ್ವಾತಂತ್ರ್ಯ ಕಳೆದುಕೊಳ್ಳುವುದು ಜೀತ. ಮಗುವಿನ ಹೆಸರಲ್ಲಿ ತಂದೆ ಪಡೆದ ಮುಂಗಡವೂ ಇದಕ್ಕೆ ಒಳಪಡುತ್ತದೆ. ಇದು ಜೀತವಲ್ಲ ಎಂದು ಸಾಬೀತು ಮಾಡುವ ಹೊರೆ ಸಾಲ ಕೊಟ್ಟವನದು, ಮಗುವಿನದಲ್ಲ. ಜೀತ ಎಂದು ಕಂಡರೆ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ವಿಚಾರಣೆ ನಡೆಸಿ ಬಿಡುಗಡೆ ಪ್ರಮಾಣಪತ್ರ ಕೊಡುತ್ತಾರೆ, ಸಾಲ ಅಲ್ಲಿಗೆ ರದ್ದು. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂಪಾಯಿವರೆಗೆ, ಒಟ್ಟು ಮಕ್ಕಳಿಗೆ ಮತ್ತು ಮಹಿಳೆಯರಿಗೆ 2 ಲಕ್ಷ, ಸಾಗಣೆ ಅಥವಾ ಲೈಂಗಿಕ ಶೋಷಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ. ದೊಡ್ಡ ಮೊತ್ತ ನ್ಯಾಯಾಲಯದ ಪ್ರಕ್ರಿಯೆಗೆ ಅಂಟಿಕೊಂಡಿರುವುದರಿಂದ ತಡವಾಗುತ್ತದೆ, ಅದನ್ನು ನಂಬಿಕೊಂಡು ಕೂರಬೇಡಿ. ಆದರೆ ತಕ್ಷಣದ ಹಣಕ್ಕೆ ಶಿಕ್ಷೆ ಆಗಲೇಬೇಕೆಂದಿಲ್ಲ.

ಹಾಗಾಗಿ ರಕ್ಷಣೆಗೆ ತಂಡ ಬರುವ ದಿನ ಕಾರ್ಮಿಕ ನಿರೀಕ್ಷಕರು, ಪೊಲೀಸರು ಮಾತ್ರ ಬಂದರೆ ಸಾಲದು. ಕಂದಾಯದವರು, ಮಕ್ಕಳ ರಕ್ಷಣಾ ಘಟಕದವರು, ಹೆಣ್ಣುಮಕ್ಕಳಿದ್ದರೆ ಮಹಿಳಾ ಪೊಲೀಸರು ಬೇಕು. ಆ ದಿನ ಆಗುವ ತಪ್ಪುಗಳು ಒಂದೇ ಮಾದರಿಯವು. ಮಾಲೀಕನ ಎದುರೇ ಮಕ್ಕಳನ್ನು ‘ಯಾರು ಕಳಿಸಿದ್ರು?’ ಎಂದು ಕೇಳುತ್ತಾರೆ, ಮಕ್ಕಳು ‘ಆಟ ಆಡಾಕ ಬಂದೀವಿ’ ಎನ್ನುತ್ತವೆ. ಮೇಸ್ತ್ರಿಯ ಮುಂಗಡದ ಡೈರಿ, ಹಾಜರಿ ಚೀಟಿ ಜಪ್ತಿ ಮಾಡುವುದು ಮರೆಯುತ್ತದೆ, ಮರುದಿನ ಅದು ಒಲೆಗೆ ಹೋಗಿರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಹೊಲದಲ್ಲೇ ಪಾಲಕರಿಂದ ಮುಚ್ಚಳಿಕೆ ಬರೆಸಿಕೊಂಡು ಮಕ್ಕಳನ್ನು ಅಲ್ಲಿಂದಲೇ ಮನೆಗೆ ಕಳಿಸುವುದು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲೇಬೇಕು. ಭಾನುವಾರ, ರಾತ್ರಿ ಎಂಬ ನೆಪ ಬೇಡ. ಸಮಿತಿ ಸೇರದಿದ್ದಾಗ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಬಹುದು.

ಸಮಿತಿಯ ಮುಂದೆ ಕೇಳಬೇಕಾದದ್ದು ‘ಮಗುವನ್ನು ಮನೆಗೆ ಕೊಡಿ’ ಎಂದಲ್ಲ. ಮನೆಯ ಪರಿಸ್ಥಿತಿಯ ಸಾಮಾಜಿಕ ತನಿಖಾ ವರದಿ ಆಯಿತೇ, ಮಗುವಿನ ವೈಯಕ್ತಿಕ ಪಾಲನಾ ಯೋಜನೆಯಲ್ಲಿ ಯಾರು, ಎಷ್ಟು ದಿನಕ್ಕೊಮ್ಮೆ ಬಂದು ನೋಡುತ್ತಾರೆ, ಪ್ರಾಯೋಜಕತ್ವದ ಅರ್ಜಿ ಹಾಕಿದ್ದಾರೆಯೇ ಎಂದು ಕೇಳಿ. ಮಿಷನ್ ವಾತ್ಸಲ್ಯ ಎಂಬ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ವರ್ಷಕ್ಕೆ 48,000 ಎಂದರೆ ಆ 20,000 ಮುಂಗಡದ ಎರಡು ಪಟ್ಟಿಗೂ ಹೆಚ್ಚು. ಈ ಲೆಕ್ಕವನ್ನು ತಾಯಿಯ ಮುಂದೆ ಕೂತು ಬಿಡಿಸಿ ಹೇಳಿದಷ್ಟು ಪರಿಣಾಮ ಯಾವ ಭಾಷಣಕ್ಕೂ ಇಲ್ಲ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ತಡವಾಗುವುದು ಹೆಚ್ಚಾಗಿ ಮಗುವಿನ ಬ್ಯಾಂಕ್ ಖಾತೆ ಮತ್ತು ಆದಾಯ ಪ್ರಮಾಣಪತ್ರಕ್ಕೆ, ಅವೆರಡನ್ನು ಮೊದಲೇ ಮಾಡಿಸಿಡಿ.

ಇದರ ಹೊರತಾಗಿ 1996ರ ಎಂ.ಸಿ. ಮೆಹ್ತಾ ಪ್ರಕರಣದ ತೀರ್ಪಿನಂತೆ ಮಾಲೀಕರಿಂದ ಮಗುವೊಂದಕ್ಕೆ 20,000, ಬಾಲಕಾರ್ಮಿಕ ಕಾಯ್ದೆಯಂತೆ ಅದರ ಪುನರ್ವಸತಿ ನಿಧಿಗೆ ಸರ್ಕಾರದಿಂದ 15,000 ಮಗುವಿನ ಹೆಸರಲ್ಲಿ ಜಮಾ ಆಗಬೇಕು. ಬಾಕಿ ಕೂಲಿಯ ವಸೂಲಿ ಬೇರೆ. ಇವಕ್ಕೆಲ್ಲ ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಕ್ಕಳಿಗೆ ಉಚಿತ. 15100ಕ್ಕೆ ಕರೆ ಮಾಡಬಹುದು.

ಶಾಲೆಗೆ ಮರಳಿಸುವಾಗ ಟಿಸಿ ಇಲ್ಲ, ವರ್ಷದ ನಡುವೆ ಸೇರಿಸಲಾಗದು ಎಂಬ ಮಾತು ಬಂದರೆ, ಟಿಸಿ ತಡವಾದ ಕಾರಣಕ್ಕೆ ಪ್ರವೇಶ ತಡೆಯುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆ ಹದಿಮೂರರ ಹುಡುಗಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಒಳ್ಳೆಯ ದಾರಿ. ಊಟ, ವಸತಿ ಅಲ್ಲೇ ಇರುತ್ತದೆ. ಮನೆಯಲ್ಲಿ ಒಂದು ಹೊಟ್ಟೆ ಕಡಿಮೆಯಾಗುತ್ತದೆ ಎಂಬ ಕಾರಣಕ್ಕೇ ಕಳಿಸಲು ಹೊರಟ ಪಾಲಕರು ಇದಕ್ಕೆ ಬೇಗ ಒಪ್ಪುತ್ತಾರೆ. ದೀಪಾವಳಿಯ ನಂತರ ಗುಳೆ ಹೋಗುವ ಮನೆಗಳ ಮಕ್ಕಳಿಗೆ ಋತುಮಾನ ವಸತಿ ಕೇಂದ್ರದ ಬೇಡಿಕೆಯನ್ನು ದಸರೆಗೆ ಮುಂಚೆಯೇ ಪಟ್ಟಿ ಸಮೇತ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಿ. ಗಾಡಿ ಹೊರಟ ಮೇಲೆ ಕೇಂದ್ರ ಮಂಜೂರಾಗಿ ಬಂದರೆ ಮಕ್ಕಳು ಬೆಂಗಳೂರಿನ ಶೆಡ್ಡಿನಲ್ಲಿರುತ್ತವೆ.

ಇನ್ನು ಆ 20,000. ಹುಡುಗಿ ಹೋಗಲಿಲ್ಲವೆಂದರೆ ಮೇಸ್ತ್ರಿ ಅದನ್ನು ಕೇಳಲು ಬಂದೇ ಬರುತ್ತಾನೆ. ‘ಸಾಲ ಮಾಡಿಯಾದರೂ ಕೊಟ್ಟುಬಿಡೋಣ, ಕಿರಿಕಿರಿ ತಪ್ಪಲಿ’ ಎಂದು ಮನೆಯವರಿಗೂ ಅನಿಸುತ್ತದೆ. ಜೀತವೆಂದು ತೀರ್ಮಾನವಾದ ಮೇಲೆ ರದ್ದಾದ ಆ ಸಾಲಕ್ಕೆ ಹಣ ಪಡೆಯುವುದೇ ಅಪರಾಧ, ಮೂರು ವರ್ಷದವರೆಗೆ ಸೆರೆಯಿದೆ. ಅವಳು ಕೆಲಸಕ್ಕೇ ಹೋಗದೆ ಉಳಿದರೆ ಜೀತದ ವಾದ ಅಷ್ಟು ಗಟ್ಟಿ ನಿಲ್ಲದು. ಆಗ ಸಾಗಣೆಯ ದೂರೇ ಮುಖ್ಯ, ಹಣ ಮರಳಿಸುವ ವಿಷಯದಲ್ಲಿ ತನಿಖಾಧಿಕಾರಿಯನ್ನು ಕೇಳದೆ ಕೈ ಹಾಕಬೇಡಿ, ಏಕೆಂದರೆ ಆ ಹಣವೇ ಸಾಕ್ಷ್ಯ. ಎರಡರಲ್ಲಿ ಯಾವುದಾದರೂ, ಅವನು ಬಂದ ದಿನ, ಹೊತ್ತು, ಜೊತೆಗಿದ್ದವರು, ಆಡಿದ ಮಾತು ಬರೆದಿಟ್ಟುಕೊಳ್ಳಿ. ಬೆದರಿಸಿದರೆ ಅವನು ಓಣಿ ದಾಟುವ ಮೊದಲೇ 112ಕ್ಕೆ ಕರೆ ಹೋಗಲಿ.